ಹುಳುಕಿಲ್ಲದೆ ಬಿದ್ದ ಹಲ್ಲು

(ಜುಲೈ ತಿಂಗಳ ಒಂದು ಮಳೆಯ ಸಂಜೆ ಶಿರಸಿಯ ಸಭಾಭವನವೊಂದರಲ್ಲಿ ಆಡಿದ ಮಾತು ಇದು. ಕೇಳಿದವರು ಬರೆದು ಕೊಡಿ ಎಂದರು, ಬರೆದಿದ್ದೇನೆ. ನಡುವೆ ಎರಡು ಸಲ ಕರೆಂಟ್ ಹೋಗಿ ಮೈಕ್ ನಿಂತಿತ್ತು. ಆಗ ಕೂಗಿ ಹೇಳಿದ್ದೂ ಇದರಲ್ಲಿ ಸೇರಿದೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಹಲ್ಲಿನ ಬಗ್ಗೆ ಕೇಳಲು ಇಷ್ಟು ಜನ ಬಂದಿದ್ದೀರಿ. ಕೊನೆಯಲ್ಲಿ ಬಜ್ಜಿ ಇದೆ ಅಂತ ಮೊದಲೇ ಗೊತ್ತಾಗಿರಬೇಕು. ಇರಲಿ.

ನಾನು ಸ್ಲೈಡು, ಪ್ರೊಜೆಕ್ಟರು ಏನೂ ತಂದಿಲ್ಲ. ಒಂದು ಹಲ್ಲು ತಂದಿದ್ದೇನೆ. ಈ ಚಿಕ್ಕ ಡಬ್ಬಿಯಲ್ಲಿದೆ. ತೊಳೆದು, ಔಷಧಿಯಲ್ಲಿ ನೆನೆಸಿ, ಒಣಗಿಸಿ ಇಟ್ಟಿದ್ದು. ಹೇಸಿಗೆ ಪಡಬೇಡಿ. ಡಬ್ಬಿ ತೆರೆಯದೆ ಹಾಗೇ ಒಬ್ಬರಿಂದ ಒಬ್ಬರಿಗೆ ದಾಟಿಸಿ, ಗಾಜಿನ ಮುಚ್ಚಳದ ಮೇಲಿಂದ ನೋಡಿ.

ಇದನ್ನು ನಾನು ಕಿತ್ತಿದ್ದಲ್ಲ. ತೋಟದ ಯಜಮಾನರೊಬ್ಬರು ಕಾಗದದಲ್ಲಿ ಸುತ್ತಿ, ಅಂಗಿ ಕಿಸೆಯಲ್ಲಿಟ್ಟುಕೊಂಡು ತಂದುಕೊಟ್ಟರು. ಬೆಳಿಗ್ಗೆ ದೋಸೆ ತಿನ್ನುವಾಗ ಕಳಚಿ ಬಂತಂತೆ. ದೋಸೆ ಗಟ್ಟಿಯೂ ಇರಲಿಲ್ಲವಂತೆ, ತೆಳ್ಳೇವು. ಅವರ ತಕರಾರು ಒಂದೇ. "ಇದರಲ್ಲಿ ಹುಳುಕು ಇಲ್ಲ. ಒಂದು ದಿನವೂ ನೋವಾಗಿಲ್ಲ. ಮತ್ತೆ ಬಿದ್ದದ್ದು ಯಾಕೆ?"

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಹಲ್ಲು ನೋಡಿ. ಕೆಳಸಾಲಿನ ಮುಂದಿನ ಬಾಚಿಹಲ್ಲು. ಬಾಯಲ್ಲಿ ಕಾಣುವ ಭಾಗ ಚೊಕ್ಕವಾಗಿದೆ. ಒಂದು ತೂತಿಲ್ಲ. ಅದರ ಕೆಳಗೆ ಬೇರು. ಸುಮಾರು 12 ಮಿಲಿಮೀಟರ್ ಉದ್ದ. ಆ ಬೇರಿನ ಸುತ್ತ ಕಪ್ಪು ಹಸಿರು ಬಣ್ಣದ ಒರಟು ಪದರ ಕಾಣುತ್ತದೆ ಅಲ್ವಾ? ಮಳೆಗಾಲದ ಚಿರೆಕಲ್ಲಿನ ಗೋಡೆಗೆ ಹಿಡಿದ ಪಾಚಿ ಒಣಗಿದ ಹಾಗೆ. ತುದಿಯಲ್ಲಿ ಮಾತ್ರ ಒಂದು ಮೂರು ಮಿಲಿಮೀಟರ್ ಬೇರು ಹಳದಿಯಾಗಿ, ನುಣ್ಣಗೆ ಉಳಿದಿದೆ. ಕೊನೆಗಾಲದಲ್ಲಿ ಈ ಹಲ್ಲನ್ನು ಹಿಡಿದು ನಿಲ್ಲಿಸಿದ್ದು ಆ ಮೂರು ಮಿಲಿಮೀಟರು. ನಾಲ್ಕು ಅಡಿಯ ಬೇಲಿ ಗೂಟವನ್ನು ಒಂದು ಅಡಿ ಮಾತ್ರ ನೆಲದಲ್ಲಿ ಬಿಟ್ಟು, ಉಳಿದ ಮಣ್ಣನ್ನೆಲ್ಲ ಮಳೆ ಕೊಚ್ಚಿಕೊಂಡು ಹೋದರೆ ಏನಾಗುತ್ತದೆ? ದನ ಮೈ ತಿಕ್ಕಿದರೆ ಸಾಕು. ಇಲ್ಲಿ ತೆಳ್ಳೇವು ಸಾಕಾಯಿತು.

"ವಯಸ್ಸಾಯ್ತು, ಹಲ್ಲು ಬಿತ್ತು" ಅನ್ನುತ್ತೇವೆ. ಕೂದಲು ಬೆಳ್ಳಗಾದ ಹಾಗೆ ಅದೂ ಒಂದು ಅಂದುಕೊಂಡಿದ್ದೇವೆ. ಹಾಗಲ್ಲ. ಹಲ್ಲು ವಯಸ್ಸಿಗೆ ಬೀಳುವುದಿಲ್ಲ. ಅದರ ಸುತ್ತಲಿನ ಎಲುಬು ಕರಗಿದರೆ ಬೀಳುತ್ತದೆ. ಎಲುಬು ಕರಗುವುದಕ್ಕೆ ಕಾರಣ ಈ ಕಪ್ಪು ಪದರದ ಮೇಲೆ ಮನೆ ಮಾಡಿಕೊಂಡಿರುವ ಜೀವಿಗಳು. ಆ ಪದರವನ್ನು ಮೊದಲೇ ತೆಗೆಸಬಹುದಿತ್ತು. ಇವತ್ತು ನಾನು ಹೇಳಬೇಕಾದದ್ದು ಹೆಚ್ಚೂಕಡಿಮೆ ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ, ಅದು ಅನುಭವದಿಂದ ಗೊತ್ತು.

ಈಗ ಎಲ್ಲರೂ ಒಂದು ಕೆಲಸ ಮಾಡಿ. ಬಾಯಿ ಮುಚ್ಚಿಕೊಂಡೇ ಮಾಡಬಹುದು. ನಾಲಿಗೆಯ ತುದಿಯನ್ನು ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ಒಯ್ಯಿರಿ. ಬಲದಿಂದ ಎಡಕ್ಕೆ ಆಡಿಸಿ. ಒಂದೊಂದು ಹಲ್ಲೂ ಬೇರೆ ಬೇರೆ ಸಿಗುತ್ತದಾ? ಅಥವಾ ಹಲ್ಲುಗಳ ಸಂದಿಯೇ ಗೊತ್ತಾಗದೆ, ಒಂದೇ ಗೋಡೆಗೆ ಗಾರೆ ಮೆತ್ತಿದ ಹಾಗಿದೆಯಾ? ಹಾಗಿದ್ದರೆ ಅದೇ ಟಾರ್ಟರ್. ನಮ್ಮ ಕಡೆ ಕಿಟ್ಟ ಅಂತೀವಿ. ಡಾಕ್ಟರುಗಳು ಕಲ್ಕ್ಯುಲಸ್ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ಅದರ ಅರ್ಥ ಸಣ್ಣ ಕಲ್ಲು. ಹಾಗಾಗಿ ಸುಮ್ನೆ ಹಲ್ಲಿನ ಕಲ್ಲು ಅಂದರೂ ಆಯಿತು.

ಇದು ಅಲ್ಲೇ ಯಾಕೆ ಕಟ್ಟುತ್ತದೆ ಗೊತ್ತಾ? ಈಗ ಅಪ್ಪೆಹುಳಿಯನ್ನು ನೆನಪು ಮಾಡಿಕೊಳ್ಳಿ. ಇಂಗಿನ ಒಗ್ಗರಣೆ ಹಾಕಿದ್ದು. ಬಾಯಲ್ಲಿ ನೀರೂರಿತಲ್ಲ, ಎಲ್ಲಿ ಊರಿತು? ನಾಲಿಗೆಯ ಅಡಿಯಲ್ಲಿ, ಮತ್ತೆ ಎರಡೂ ಕೆನ್ನೆಯ ಒಳಬದಿಯಲ್ಲಿ. ಜೊಲ್ಲಿನ ನಳಿಗೆಗಳು ತೆರೆದುಕೊಳ್ಳುವುದು ಅಲ್ಲಿಯೇ. ಒಂದು ಜೋಡಿ ಕೆಳಗಿನ ಬಾಚಿಹಲ್ಲುಗಳ ಹಿಂದೆ, ಇನ್ನೊಂದು ಜೋಡಿ ಮೇಲಿನ ದವಡೆಹಲ್ಲುಗಳ ಎದುರಿಗೆ. ಕಲ್ಲು ಜಾಸ್ತಿ ಕಟ್ಟುವುದೂ ಈ ಎರಡು ಜಾಗದಲ್ಲಿ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ಅದರಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ತುಂಬಿರುತ್ತವೆ. ಹಲ್ಲಿನ ಹೊರಪದರ ಸ್ವಲ್ಪ ಸವೆದರೆ ಅದನ್ನು ರಿಪೇರಿ ಮಾಡುವುದು ಇದೇ ಜೊಲ್ಲು. ಹಲ್ಲಿನ ಮೇಲೆ ಕೊಳೆ ಕೂತಿದ್ದರೆ ಆ ಕೊಳೆಯನ್ನೂ ಕಲ್ಲು ಮಾಡುವುದು ಇದೇ ಜೊಲ್ಲು. ಅದಕ್ಕೇನು ಗೊತ್ತು ಪಾಪ, ಯಾವುದು ಹಲ್ಲು, ಯಾವುದು ಕೊಳೆ ಅಂತ.

ನಾನು ಹುಟ್ಟಿ ಬೆಳೆದದ್ದು ಕುಮಟಾ ಕಡೆ. ಕ್ಲಿನಿಕ್ ಇಟ್ಟಿದ್ದು, ಸಂಸಾರ ಮಾಡಿದ್ದು ಘಟ್ಟದ ಮೇಲೆ. ಹಾಗಾಗಿ ಇದನ್ನು ನಾನು ಯೋಚಿಸುವುದು ದೋಣಿಯ ಲೆಕ್ಕದಲ್ಲಿ. ಈಗ ಜುಲೈ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, 61 ದಿನ. ಕಾರವಾರದ ಬೈತಖೋಲದಲ್ಲಿ, ತದಡಿಯಲ್ಲಿ ನೋಡಿದರೆ ಬೋಟುಗಳನ್ನು ದಡಕ್ಕೆ ಎಳೆದಿರುತ್ತಾರೆ. ನೀರಿನೊಳಗಿದ್ದ ಅಡಿಭಾಗ ಆಗ ಕಾಣುತ್ತದೆ. ಮೊದಲು ಒಂದು ಲೋಳೆ. ಲೋಳೆಯ ಮೇಲೆ ಪಾಚಿ. ಅದರ ಮೇಲೆ ಚಿಪ್ಪು, ಕೈಗೆ ತಾಗಿದರೆ ಕೊಯ್ಯುವಂಥದ್ದು. ಚಿಪ್ಪು ಹತ್ತಿದ ಮೇಲೆ ಅದರ ಸಂದಿಯಲ್ಲಿ ಇನ್ನಷ್ಟು ಪಾಚಿ.

ಬಾಯಲ್ಲೂ ಹೀಗೇ. ಚೆನ್ನಾಗಿ ಬ್ರಷ್ ಮಾಡಿದ ಹಲ್ಲಿನ ಮೇಲೂ ಕೆಲವೇ ನಿಮಿಷದಲ್ಲಿ ಜೊಲ್ಲಿನ ತೆಳು ಪೊರೆ ಕೂರುತ್ತದೆ. ಕೆಲವು ಗಂಟೆಯಲ್ಲಿ ಬ್ಯಾಕ್ಟೀರಿಯಾ ಅದಕ್ಕೆ ಅಂಟುತ್ತವೆ. ಬೆಳಿಗ್ಗೆ ಎದ್ದಾಗ ಹಲ್ಲು ಉಗುರಲ್ಲಿ ಕೆರೆದರೆ ಬಿಳಿ ಪೇಸ್ಟಿನ ಹಾಗೆ ಬರುತ್ತದಲ್ಲ, ಅದೇ ಪ್ಲಾಕ್. ಈ ಹಂತದಲ್ಲಿ ಬ್ರಷ್ಷಿಗೆ ಹೋಗುತ್ತದೆ. ಬಿಟ್ಟರೆ ಒಂದೆರಡು ದಿನದಲ್ಲಿ ಗಟ್ಟಿಯಾಗಲು ಶುರು. ಎರಡು ವಾರದೊಳಗೆ ಬ್ರಷ್ಷಿಗೆ ಬಗ್ಗದ ಕಲ್ಲು. ಆಮೇಲೆ ಎಷ್ಟು ಉಜ್ಜಿದರೂ ಅಷ್ಟೇ. ಬೋಟಿನ ಚಿಪ್ಪು ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದಾ?

ಒಂದು ಸೂಕ್ಷ್ಮ ಹೇಳಿಬಿಡುತ್ತೇನೆ. ಕಲ್ಲು ತಾನಾಗಿ ಒಸಡನ್ನು ತಿನ್ನುವುದಿಲ್ಲ. ಅದು ಒರಟು. ಒರಟಾದದ್ದರ ಮೇಲೆ ಹೊಸ ಪ್ಲಾಕ್ ಗಟ್ಟಿಯಾಗಿ ಕೂರುತ್ತದೆ. ಬ್ರಷ್ ಅಲ್ಲಿಗೆ ಮುಟ್ಟುವುದಿಲ್ಲ. ಒಸಡಿಗೆ ದಿನವಿಡೀ ಕಿರಿಕಿರಿ ಮಾಡುವುದು ಆ ಹೊಸ ಪ್ಲಾಕು. ಕಲ್ಲು ಕಳ್ಳನಲ್ಲ, ಕಳ್ಳನಿಗೆ ಜಾಗ ಕೊಟ್ಟವನು.

(ಇಲ್ಲಿ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು: "ಹಂಗಾದ್ರೆ ಆ ಯಜಮಾನರಿಗೆ ಹುಳುಕು ಯಾಕೆ ಆಗಲಿಲ್ಲ?")

ಒಳ್ಳೇ ಪ್ರಶ್ನೆ. ಹುಳುಕು ಹುಳಿಯ ಕೆಲಸ. ನಾವು ತಿಂದ ಸಿಹಿಯನ್ನು ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ಕಲ್ಲು ಕಟ್ಟುವುದು ಅದಕ್ಕೆ ಉಲ್ಟಾ. ಬಾಯಿ ಕ್ಷಾರದ ಕಡೆ ವಾಲಿದಷ್ಟು ಕಲ್ಲು ಬೇಗ ಕಟ್ಟುತ್ತದೆ. ಈಗ ಕವಳ ನೆನಪಿಸಿಕೊಳ್ಳಿ. ಎಲೆ, ಅಡಿಕೆ, ಮೇಲೆ ಸುಣ್ಣ. ಸುಣ್ಣ ಅಂದರೆ ಕ್ಷಾರವೂ ಹೌದು, ಕ್ಯಾಲ್ಸಿಯಮ್ಮೂ ಹೌದು. ಜೊಲ್ಲನ್ನೂ ಜಾಸ್ತಿ ಮಾಡುತ್ತದೆ. ಕಲ್ಲು ಕಟ್ಟಲು ಬೇಕಾದ ಗಾರೆ, ನೀರು, ಮೇಸ್ತ್ರಿ ಎಲ್ಲ ಒಂದೇ ಬಟ್ಟಲಿನಿಂದ. ಅದಕ್ಕೇ ಕವಳ ಹಾಕುವ ಅಜ್ಜಂದಿರು "ನನ್ನ ಹಲ್ಲಿಗೆ ಹುಳುಕೇ ಇಲ್ಲ" ಅಂತ ಎದೆ ತಟ್ಟಿ ಹೇಳುವುದನ್ನು ನಾನೂ ಬೇಕಾದಷ್ಟು ಕೇಳಿದ್ದೇನೆ. ಅವರಲ್ಲಿ ಎಷ್ಟೋ ಜನರ ಮಾತು ಸುಳ್ಳೂ ಅಲ್ಲ. ಹುಳುಕಿಲ್ಲದ ಇಡೀ ಹಲ್ಲುಗಳು ಒಂದೊಂದಾಗಿ ಉದುರುತ್ತವೆ, ಅಷ್ಟೇ.

ಒಸಡಿನ ವಿಷಯಕ್ಕೆ ಬರುತ್ತೇನೆ. ಒಸಡಿನ ಕಾಯಿಲೆಗೆ ಒಂದು ಕೆಟ್ಟ ಗುಣವಿದೆ. ನೋವಾಗುವುದಿಲ್ಲ. ಹಲ್ಲುನೋವು ಬಂದವರು ರಾತ್ರಿ ಹನ್ನೊಂದಕ್ಕೂ ಫೋನ್ ಮಾಡುತ್ತಾರೆ. ಒಸಡಿನವರು ಹತ್ತು ವರ್ಷ ಆರಾಮ ಇರುತ್ತಾರೆ. ಅದು ಮೊದಲಿಗೆ ಕೊಡುವ ಮುಖ್ಯ ಸೂಚನೆ ರಕ್ತ. ಬ್ರಷ್ ಮಾಡಿ ಉಗುಳಿದಾಗ ಕೆಂಪು, ಪೇರಲೆ ಕಚ್ಚಿದಾಗ ಹಣ್ಣಿನ ಮೇಲೆ ಕೆಂಪು. ಜನ ಏನು ಮಾಡುತ್ತಾರೆ? ರಕ್ತ ಬರುವ ಕಡೆ ಬ್ರಷ್ ಮಾಡುವುದನ್ನು ಬಿಡುತ್ತಾರೆ. ಗಾಯ ಆಗಿದೆ, ಮುಟ್ಟಬಾರದು ಅಂತ. ಅಲ್ಲಿ ಕೊಳೆ ಇನ್ನೂ ಜಾಸ್ತಿ ಆಗುತ್ತದೆ. ಆರೋಗ್ಯವಾದ ಒಸಡಿಂದ ಬ್ರಷ್ಷಿಗೆ ರಕ್ತ ಬರುವುದಿಲ್ಲ. ಕೈ ತೊಳೆದಾಗೆಲ್ಲ ಬೆರಳಿಂದ ರಕ್ತ ಬಂದರೆ ಸುಮ್ಮನಿರುತ್ತೀರಾ?

ಕವಳ ಹಾಕುವವರಿಗೆ ಈ ಸೂಚನೆಯೂ ಸಿಗುವುದಿಲ್ಲ. ಉಗುಳಿದ್ದೆಲ್ಲ ಕೆಂಪೇ, ಯಾವುದು ರಕ್ತ ಯಾವುದು ಕವಳ? ಬೀಡಿ ಸಿಗರೇಟಿನವರದ್ದು ಇನ್ನೂ ಕಷ್ಟ. ಹೊಗೆ ಒಸಡಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಒಳಗೆ ಎಲುಬು ಹೋಗುತ್ತಿದ್ದರೂ ಒಸಡು ಬಿಳಿಚಿಕೊಂಡು, ರಕ್ತ ಬಾರದೆ, ಚೆನ್ನಾಗೇ ಇದ್ದ ಹಾಗೆ ಕಾಣುತ್ತದೆ.

ಪ್ಲಾಕೇ ಇದಕ್ಕೆ ಕಾರಣ ಅಂತ ತೋರಿಸಿಕೊಟ್ಟದ್ದು ಒಂದು ಸರಳ ಪ್ರಯೋಗ. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. ಒಸಡು ಚೆನ್ನಾಗಿದ್ದ 12 ಜನ. ಹೆಚ್ಚಿನವರು ಡೆಂಟಲ್ ವಿದ್ಯಾರ್ಥಿಗಳೇ. ಹಲ್ಲುಜ್ಜುವುದನ್ನು ಪೂರ್ತಿ ಬಿಡಿ ಎಂದರು. 10ರಿಂದ 21 ದಿನದೊಳಗೆ ಅಷ್ಟೂ ಜನರ ಒಸಡು ಊದಿ ಕೆಂಪಾಯಿತು. ಮತ್ತೆ ಉಜ್ಜಲು ಶುರು ಮಾಡಿದರು. ಹೆಚ್ಚೂಕಡಿಮೆ ಒಂದು ವಾರದಲ್ಲಿ ಸರಿಹೋಯಿತು. ನನಗೆ ಈ ಪ್ರಯೋಗ ಇಷ್ಟ. ಯಾವ ದೊಡ್ಡ ಯಂತ್ರವೂ ಇಲ್ಲ. ಆ ಹುಡುಗರ ಪಕ್ಕದಲ್ಲಿ ಕೂತು ಪಾಠ ಕೇಳಿದವರ ಕಷ್ಟ ಮಾತ್ರ ಯಾರೂ ಬರೆದಿಡಲಿಲ್ಲ.

ಆ ಹಂತದಲ್ಲಿ ಹೀಗೆ ಪೂರ್ತಿ ವಾಪಸ್ ಬರಬಹುದು. ಮುಂದೆ ಹೋದರೆ ಕಥೆ ಬೇರೆ. ಹಲ್ಲಿಗೂ ಎಲುಬಿಗೂ ನಡುವೆ ಸಿಮೆಂಟ್ ಹಾಕಿ ಕೂರಿಸಿಲ್ಲ. ಕಾಲು ಮಿಲಿಮೀಟರಿಗೂ ಕಡಿಮೆ ಜಾಗದಲ್ಲಿ ಸಣ್ಣ ಸಣ್ಣ ನಾರುಗಳು ಹಲ್ಲನ್ನು ಎಲುಬಿಗೆ ಕಟ್ಟಿ ತೂಗುಹಾಕಿವೆ. ಹಲ್ಲಿನ ಬುಡದಲ್ಲಿ ಒಸಡು ಅಂಗಿಯ ಕಾಲರಿನ ಹಾಗೆ ಸುತ್ತಿಕೊಂಡಿರುತ್ತದೆ. ಕಾಲರಿಗೂ ಕುತ್ತಿಗೆಗೂ ನಡುವೆ ಒಂದರಿಂದ ಮೂರು ಮಿಲಿಮೀಟರ್ ಸಂದಿ ಎಲ್ಲರಿಗೂ ಇರುತ್ತದೆ. ಸೋಂಕು ಇಳಿದಂತೆ ನಾರು ಬಿಡುತ್ತದೆ, ಎಲುಬು ಹಿಂದೆ ಸರಿಯುತ್ತದೆ, ಸಂದಿ ನಾಲ್ಕಾಗುತ್ತದೆ, ಆರಾಗುತ್ತದೆ. ಎಲುಬನ್ನು ಕರಗಿಸುವುದು ನಮ್ಮ ಮೈಯೇ. ಬೆಂಕಿ ಬಿದ್ದ ಬೆಟ್ಟದಲ್ಲಿ ನಡುವೆ ಸೊಪ್ಪು ಸವರಿ ಜಾಗ ಬಿಡುತ್ತೇವಲ್ಲ, ಹಾಗೆ ಸೋಂಕಿನಿಂದ ದೂರ ಸರಿಯುತ್ತದೆ. ಬ್ರಷ್ಷಿನ ಕೂದಲು ಒಸಡಿನಡಿ ಒಂದು ಮಿಲಿಮೀಟರ್ ಆಸುಪಾಸು ಹೋದರೆ ಹೆಚ್ಚು. ಆರು ಮಿಲಿಮೀಟರ್ ಆಳದ ಗುಂಡಿಯನ್ನು ನೀವು ಮನೆಯಲ್ಲಿ ಏನು ಮಾಡಿದರೂ ತೊಳೆಯಲಾರಿರಿ. ಅಲ್ಲಿ ಕಟ್ಟುವ ಕಲ್ಲು ಮೇಲಿನ ಹಾಗೆ ಹಳದಿ ಅಲ್ಲ. ಒಸರುವ ರಕ್ತದ ಬಣ್ಣ ಹೀರಿ ಕಪ್ಪಾಗುತ್ತದೆ. ಡಬ್ಬಿಯಲ್ಲಿರುವುದು ಅದೇ.

(ಡಬ್ಬಿ ಎಲ್ಲಿದೆ? ಹಿಂದಿನ ಸಾಲಿಗೆ ಹೋಯಿತಾ? ಸರಿ.)

ಈಗ ಎಲ್ಲರೂ ಕಾಯುತ್ತಿರುವ ಮಾತಿಗೆ ಬರುತ್ತೇನೆ. "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗ್ತದೆ." ಕೈ ಎತ್ತಿ, ಎಷ್ಟು ಜನ ಇದನ್ನು ಕೇಳಿದ್ದೀರಿ? ನೋಡಿ, ಅರ್ಧಕ್ಕರ್ಧ ಸಭೆ. ಈ ಮಾತು ಈ ಭಾಗದಲ್ಲಿ ಹಬ್ಬಲು ನನ್ನದೂ ಸ್ವಲ್ಪ ಪಾಲು ಇದೆ.

ಆಗ ಪ್ರಾಕ್ಟೀಸ್ ಶುರು ಮಾಡಿ ಒಂದು ವರ್ಷವೂ ಆಗಿರಲಿಲ್ಲ. ಹಳ್ಳಿಯಿಂದ ಒಬ್ಬ ಅಜ್ಜ ಬಂದರು. ಮೊಮ್ಮಗಳ ಮದುವೆ, ಫೋಟೋದಲ್ಲಿ ಹಲ್ಲು ಚೆನ್ನಾಗಿ ಕಾಣಬೇಕು ಅಂತ. ಕೆಳಗಿನ ಮುಂದಿನ ಆರು ಹಲ್ಲಿನ ಹಿಂದೆ ಕಲ್ಲು ಸೇತುವೆಯ ಹಾಗೆ ಕಟ್ಟಿತ್ತು. ಒಂದೊಂದೇ ಹಲ್ಲು ಮುಟ್ಟಿ ನೋಡಲಿಲ್ಲ, ಎಕ್ಸ್‌ರೇ ತೆಗೆಯಲಿಲ್ಲ. ಉತ್ಸಾಹದಲ್ಲಿ ಅರ್ಧ ಗಂಟೆಯಲ್ಲಿ ಚೊಕ್ಕ ಮಾಡಿಬಿಟ್ಟೆ. ಕನ್ನಡಿ ಹಿಡಿದೆ, ಅಜ್ಜ ಖುಷಿ. ಮೂರನೇ ದಿನ ವಾಪಸ್ ಬಂದರು. "ಎಂತ ಮಾಡಿದ್ಯೇ ತಂಗಿ" ಅಂದರು. ಬೈಯಲಿಲ್ಲ, ಅದೇ ಜಾಸ್ತಿ ಬೇಜಾರಾಯಿತು. ಆರೂ ಹಲ್ಲು ಅಲ್ಲಾಡುತ್ತಿದ್ದವು. ಸಂದಿಯಲ್ಲಿ ಗಾಳಿ ಹೊಕ್ಕು ಮಾತಾಡಿದರೆ ಶಿಳ್ಳೆ ಬರುತ್ತಿತ್ತು.

ಆದದ್ದು ಇಷ್ಟು. ಎಲುಬು ಯಾವತ್ತೋ ಹೋಗಿತ್ತು. ಆರು ಹಲ್ಲನ್ನೂ ಒಂದಕ್ಕೊಂದು ಅಂಟಿಸಿ ಹಿಡಿದಿದ್ದದ್ದು ಕಲ್ಲು. ಗೆದ್ದಲು ತಿಂದ ತೊಲೆಯನ್ನು ಹುತ್ತವೇ ಹಿಡಿದು ನಿಲ್ಲಿಸಿದ ಹಾಗೆ. ನಾನು ಹುತ್ತ ತೆಗೆದೆ. ತೆಗೆದದ್ದು ತಪ್ಪಲ್ಲ. ಬಿಟ್ಟಿದ್ದರೆ ಅವು ಇನ್ನೂ ಬೇಗ ಬೀಳುತ್ತಿದ್ದವು. ಆದರೆ ಮೊದಲೇ ಕೂರಿಸಿ "ಅಜ್ಜಾ, ಇವು ಒಳಗೆ ಸಡಿಲ ಇವೆ, ಕ್ಲೀನ್ ಮಾಡಿದ ಮೇಲೆ ನಿಮಗೆ ಗೊತ್ತಾಗುತ್ತದೆ, ಬೇಕಾದರೆ ಹಿಂದಿನಿಂದ ತಂತಿ ಕಟ್ಟಿ ಹಿಡಿಸೋಣ" ಅಂತ ಹೇಳಲಿಲ್ಲ. ಅದು ನನ್ನ ತಪ್ಪು. ಆಮೇಲೆ ತಂತಿ ಕಟ್ಟಿದೆ. ಅಜ್ಜ ಮದುವೆಗೂ ಹೋದರು. ಆದರೆ ಮದುವೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದು ಮೊದಲಿನ ಮೂರು ದಿನದ ಕಥೆಯನ್ನೇ. ಅವತ್ತಿಂದ ಯಾರ ಬಾಯಲ್ಲೂ ಯಂತ್ರ ಇಡುವ ಮೊದಲು ಪ್ರೋಬ್ ಇಡುತ್ತೇನೆ. ಮಿಲಿಮೀಟರ್ ಗೆರೆ ಇರುವ ಸಣ್ಣ ಕಡ್ಡಿ, ಹಲ್ಲಿನ ಸುತ್ತ ಆರು ಕಡೆ ಅಳೆದು ಬರೆದುಕೊಳ್ಳುವುದು. ನಿಮ್ಮ ಡಾಕ್ಟರು ಅಳೆಯದೇ ಶುರು ಮಾಡಿದರೆ "ಅಳತೆ ನೋಡಿ ಸಾರ್" ಅಂತ ಕೇಳಿ. ಸಂಕೋಚ ಬೇಡ.

"ಕ್ಲೀನ್ ಮಾಡಿದರೆ ಹಲ್ಲಿನ ಪಾಲಿಶ್ ಹೋಗ್ತದೆ" ಅನ್ನುವ ಇನ್ನೊಂದು ಮಾತಿದೆ. ಹಲ್ಲಿನ ಎನಾಮಲ್ ನಮ್ಮ ಮೈಯಲ್ಲೇ ಅತಿ ಗಟ್ಟಿ ವಸ್ತು. ಕ್ಲೀನ್ ಮಾಡುವ ಯಂತ್ರಕ್ಕೆ ಸ್ಕೇಲರ್ ಅನ್ನುತ್ತೇವೆ. ಅದು ಡ್ರಿಲ್ ಅಲ್ಲ, ಕೊರೆಯುವುದಿಲ್ಲ. ಅದರ ತುದಿ ಸೆಕೆಂಡಿಗೆ ಸುಮಾರು 25ರಿಂದ 45 ಸಾವಿರ ಸಲ ನಡುಗುತ್ತದೆ. ಆ ನಡುಕಕ್ಕೆ ಕಲ್ಲು ಬಿರುಕು ಬಿಟ್ಟು ಕಳಚುತ್ತದೆ. ತುದಿ ಬಿಸಿಯಾಗದಂತೆ ನೀರು ಚಿಮ್ಮುತ್ತದೆ, ಕಳಚಿದ್ದನ್ನು ತೊಳೆದುಕೊಂಡೂ ಹೋಗುತ್ತದೆ. ಬಾಯಿ ತುಂಬ ನೀರು, ಕಿವಿಗೆ ಕೀಂ ಅನ್ನುವ ಸದ್ದು, ಪಕ್ಕದಲ್ಲಿ ನೀರು ಹೀರುವ ಪೈಪಿನ ಗೊರಗೊರ. ಹಿತ ಅಂತ ನಾನು ಸುಳ್ಳು ಹೇಳುವುದಿಲ್ಲ. ಸಾಮಾನ್ಯ ಕ್ಲೀನಿಂಗಿಗೆ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ.

ಆದರೆ ಆಳದ ಗುಂಡಿಗಳಲ್ಲಿ ಯಂತ್ರ ಒಂದೇ ಸಾಲದು. ಆ ಭಾಗ ಮರಗಟ್ಟಿಸಿ, ಕ್ಯುರೆಟ್ ಅನ್ನುವ ಸಣ್ಣ ಬಾಗಿದ ಕೈ ಉಪಕರಣದಿಂದ ಬೇರನ್ನು ಕೆರೆದು ನುಣುಪು ಮಾಡಬೇಕು. ಅಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಕೈಗೇ ಗೊತ್ತಾಗಬೇಕು. ನಮ್ಮ ಮನೆಯಲ್ಲಿ ಅಡಿಕೆ ಸುಲಿಯಲು ಬರುವ ಹೆಂಗಸರನ್ನು ನೋಡಿ ನನಗೆ ಇದು ಅರ್ಥವಾಯಿತು. ಮೆಟ್ಟುಗತ್ತಿಯ ಮೇಲೆ ಅಡಿಕೆ ಒತ್ತುತ್ತಾ, ಕಣ್ಣು ಇನ್ನೆಲ್ಲೋ, ಮಾತು ಇನ್ನೆಲ್ಲೋ. ಸಿಪ್ಪೆ ಎಲ್ಲಿ ಮುಗಿಯಿತು, ಗೋಟು ಎಲ್ಲಿ ಶುರುವಾಯಿತು ಅಂತ ಬೆರಳಿಗೆ ಗೊತ್ತು. ಒಳಗಿನದಕ್ಕೆ ಗಾಯವಾಗುವುದಿಲ್ಲ. ಕಲ್ಲು ಉಳಿದ ಬೇರು ಉಪಕರಣದ ತುದಿಗೆ ಕರಕರ ಅನ್ನುತ್ತದೆ. ಹೋದ ಮೇಲೆ ಗಾಜಿನ ಮೇಲೆ ಜಾರಿದ ಹಾಗೆ. ಬಾಯಿಯ ಒಂದು ಕಾಲುಭಾಗ ಒಂದು ದಿನ, ಹೀಗೆ ಮೂರು ನಾಲ್ಕು ಸಲ ಬರಬೇಕಾಗುತ್ತದೆ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ಅಳೆಯುತ್ತೇವೆ. ಆರು ಇದ್ದದ್ದು ನಾಲ್ಕಕ್ಕೆ ಇಳಿದಿದ್ದರೆ ಅವತ್ತು ನನಗೂ ಹಬ್ಬ.

ಕ್ಲೀನಿಂಗ್ ಆದ ಮೇಲೆ ಒಂದೆರಡು ದಿನ, ಕೆಲವರಿಗೆ ಒಂದೆರಡು ವಾರ, ಹಲ್ಲು ಜುಂ ಅನ್ನುತ್ತದೆ. ಮುರುಗಲು ಪಾನಕ ಕುಡಿದರೆ ಗೊತ್ತಾಗುತ್ತದೆ. ಕಲ್ಲಿನ ಕಂಬಳಿ ಹೊದ್ದು ಮಲಗಿದ್ದ ಬೇರು ಈಗ ಬಯಲಿಗೆ ಬಂದಿದೆ, ಅದಕ್ಕೆ. ಸಂದಿ ಕಾಣುವುದೂ ಅದಕ್ಕೇ. ಊದಿದ್ದ ಒಸಡು ಇಳಿಯಿತು, ತುಂಬಿದ್ದ ಕಲ್ಲು ಹೋಯಿತು. ಸಂದಿ ಮೊದಲೂ ಇತ್ತು. ಉಗುರು ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ. ಬಾಯಿ ಮುಕ್ಕಳಿಸಲು ಕ್ಲೋರ್‌ಹೆಕ್ಸಿಡೀನ್ ಔಷಧಿ ಬರೆದುಕೊಟ್ಟರೆ ಹೇಳಿದಷ್ಟು ದಿನ ಮಾತ್ರ ಬಳಸಿ. ವಾಸನೆ ಚೆನ್ನಾಗಿದೆ ಅಂತ ತಿಂಗಳುಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಬಣ್ಣ ಹಿಡಿಯುತ್ತದೆ. ರಕ್ತ ತೆಳ್ಳಗೆ ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಹೃದಯದ ಕವಾಟ ಬದಲಿಸಿಕೊಂಡವರು, ಪೇಸ್‌ಮೇಕರ್ ಇರುವವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಿ ಬರಬೇಡಿ.

ಎಷ್ಟು ದಿನಕ್ಕೊಮ್ಮೆ? ನಮ್ಮೂರಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಗೆ ಮನೆಗೆ ಸುಣ್ಣ ಬಣ್ಣ, ಹಾಗೇ ಹಲ್ಲಿಗೂ ಅಂತ ಬರುವ ಕೆಲವು ಮನೆಯವರಿದ್ದಾರೆ. ಬಾರದಿದ್ದವರಿಗಿಂತ ಅವರು ಎಷ್ಟೋ ಪಾಲು ಮೇಲು. ಆದರೆ ಕಲ್ಲು ಜಾತ್ರೆಯ ಲೆಕ್ಕ ಇಡುವುದಿಲ್ಲ. ಆರು ತಿಂಗಳು ಅನ್ನುವುದು ರೂಢಿ. ಒಸಡು ಗಟ್ಟಿ ಇದ್ದು, ಕಲ್ಲು ಕಡಿಮೆ ಕಟ್ಟುವವರಿಗೆ ವರ್ಷಕ್ಕೊಂದು ಸಲ ಸಾಕು. ಒಂದು ಸಲ ಎಲುಬು ಕಳೆದುಕೊಂಡವರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಬೇಕು. ಹೋದ ಎಲುಬು ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು.

ಮನೆಯ ಮಟ್ಟಿಗೆ ಹೇಳುವುದು ಕಡಿಮೆ. ಮೆತ್ತನೆಯ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್ ಬಟಾಣಿಯಷ್ಟು, ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಕೂದಲು ಒಸಡಿನ ಅಂಚಿಗೆ ಓರೆಯಾಗಿ ತಾಗಬೇಕು, ಕೈ ಸಣ್ಣಗೆ ಅಲ್ಲಾಡಬೇಕು. ತಟ್ಟೆಗೆ ತಿಕ್ಕುವ ಹಾಗೆ ಗರಗರ ಬೇಡ. ರಾತ್ರಿಯದ್ದು ಬೆಳಗಿನದ್ದಕ್ಕಿಂತ ಮುಖ್ಯ. ಹಲ್ಲಿನ ಸಂದಿ ದೊಡ್ಡದಾದವರು ಸಂದಿ ಬ್ರಷ್ ತೆಗೆದುಕೊಳ್ಳಿ. ಬಾಟಲಿ ತೊಳೆಯುವ ಬ್ರಷ್ಷಿನ ಮರಿಯ ಹಾಗಿರುತ್ತದೆ. ಬೆಂಕಿಕಡ್ಡಿ, ಸೇಫ್ಟಿ ಪಿನ್, ತೆಂಗಿನ ಗರಿಯ ಕಡ್ಡಿ ದಯವಿಟ್ಟು ಬಿಡಿ.

ಉಪ್ಪು, ಇದ್ದಿಲು, ಉಮಿಕರಿ ಅಂತ ಹಿರಿಯರು ಕೇಳುತ್ತಾರೆ. ಸೂಕ್ಷ್ಮಜೀವಿಗಳನ್ನು ಮೊದಲು ಕಂಡ ಲೇವೆನ್‌ಹುಕ್ ಹಾಲೆಂಡಿನ ಬಟ್ಟೆ ವ್ಯಾಪಾರಿ. 1683ರಲ್ಲಿ ತನ್ನ ಹಲ್ಲಿನ ಬಿಳಿ ಕೊಳೆಯನ್ನು ಮಸೂರದಡಿ ನೋಡಿ, ಸಣ್ಣ ಜೀವಿಗಳು ಚುರುಕಾಗಿ ಓಡಾಡುತ್ತಿವೆ ಅಂತ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಅದೇ ಪತ್ರದಲ್ಲಿ ಒಂದು ಮಾತು ಇದೆ. ಅವನು ದಿನಾ ಬೆಳಿಗ್ಗೆ ಹಲ್ಲಿಗೆ ಉಪ್ಪು ಹಾಕಿ ತಿಕ್ಕುತ್ತಿದ್ದ! ಉಪ್ಪು ತಿಕ್ಕಿದ ಹಲ್ಲಲ್ಲೇ ಅಷ್ಟು ಸಂತೆ ನೆರೆದಿತ್ತು. ಸಾಣಿಕಟ್ಟೆಯ ಹರಳುಪ್ಪು ಉಪ್ಪಿನಕಾಯಿಗೆ ಶ್ರೇಷ್ಠ. ಆ ಹರಳಲ್ಲಿ ತಿಕ್ಕಿದರೆ ಹಲ್ಲಿನ ಬುಡ ಸವೆಯುತ್ತದೆ. ಇನ್ನು ಮೊಬೈಲಿನಲ್ಲಿ ಬರುವ ನಿಂಬೆರಸ ಸೋಡಾಪುಡಿ ವಿಡಿಯೋ. ನಿಂಬೆಯ ಹುಳಿ ಕಲ್ಲನ್ನು ಮಾತ್ರ ಕರಗಿಸಿ ಹಲ್ಲನ್ನು ಬಿಡುವುದಿಲ್ಲ. ಎರಡೂ ಒಂದೇ ಸಾಮಾನಿನಿಂದ ಆದದ್ದು.

ಕವಳದ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಈ ಊರಲ್ಲಿ ಅದನ್ನು ಹೇಳುವಾಗ ಗಂಟಲು ಸ್ವಲ್ಪ ಹಿಡಿಯುತ್ತದೆ. ನಮ್ಮ ಮನೆಯ ಅನ್ನವೂ ಅಡಿಕೆಯದ್ದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ತಂಬಾಕು ಇಲ್ಲದ ಎಲೆ ಅಡಿಕೆಯನ್ನೂ, ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಬೆಳೆಯ ದರ, ರಾಜಕೀಯ ಏನೇ ಇರಲಿ, ನಾನು ಬಾಯಿ ನೋಡುವವಳು. ಕೆನ್ನೆಯ ಒಳಗೆ ಬಿಳಿ ಪಟ್ಟೆ ಬಂದು, ಚರ್ಮ ಚಕ್ಕಳದ ಹಾಗೆ ಬಿಗಿದು, ಬಾಯಿ ಮೂರು ಬೆರಳು ಅಗಲ ತೆರೆಯಲಾಗದ ಹುಡುಗರು ಬರುತ್ತಾರೆ. ಅಜ್ಜನ ಕವಳ ದಿನಕ್ಕೆ ನಾಲ್ಕು ಇರುತ್ತಿತ್ತು. ಇವರದ್ದು ಗುಟ್ಕಾ ಚೀಟಿ, ಲೆಕ್ಕವಿಲ್ಲ. ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಸಿ ನೋಡಿ. ಹಿಡಿಸದಿದ್ದರೆ, ಅಥವಾ ಎರಡು ವಾರವಾದರೂ ಮಾಯದ ಹುಣ್ಣಿದ್ದರೆ, ಕ್ಲೀನಿಂಗ್ ಆಮೇಲೆ. ಮೊದಲು ಅದನ್ನು ತೋರಿಸಿ.

ಶುಗರ್ ಇರುವವರಿಗೆ ಒಂದೇ ಮಾತು. ಶುಗರ್ ಏರಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಶುಗರ್ ಹಿಡಿತಕ್ಕೆ ಬರುವುದಿಲ್ಲ. ಒಸಡಿನ ಆಳದ ಚಿಕಿತ್ಸೆ ಮಾಡಿಸಿಕೊಂಡವರ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, ಸುಮಾರು 0.4ರಷ್ಟು ಇಳಿಯುತ್ತದೆ ಅಂತ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಹೇಳಿದ್ದಾರೆ. ಆ ಅಂಕಿಯ ಬೆಲೆ ಶುಗರ್ ಇರುವವರಿಗೇ ಗೊತ್ತು.

ಕೊನೆಯಲ್ಲಿ ಪ್ರಶ್ನೆಗೆ ಸಮಯ ಬಿಟ್ಟಿದ್ದೆವು. ಗರ್ಭಿಣಿಯರು ಮಾಡಿಸಬಹುದಾ ಅಂತ ಒಬ್ಬರು ಕೇಳಿದರು. ಮಾಡಿಸಬಹುದು, ನಾಲ್ಕರಿಂದ ಆರನೇ ತಿಂಗಳು ಕೂರಲು ಅನುಕೂಲ ಎಂದೆ. ನಿವೃತ್ತ ಮೇಷ್ಟರೊಬ್ಬರು ಬ್ರಷ್ ಎಷ್ಟು ದಿನಕ್ಕೆ ಬದಲಿಸಬೇಕು ಎಂದರು. ಮೂರು ತಿಂಗಳು, ಕೂದಲು ಕೆದರಿದರೆ ಅದಕ್ಕೂ ಮೊದಲು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಎದ್ದು ನಿಂತರು. ಡಬ್ಬಿ ಅವರ ಕೈಯಲ್ಲೇ ಇತ್ತು. "ನನಗೆ ಮೇಲೆ ಎರಡೇ ಹಲ್ಲು ಉಳಿದದ್ದು. ಬಾಕಿ ಸೆಟ್ಟು. ಆ ಎರಡಕ್ಕೂ ಬ್ರಷ್ ಮಾಡಬೇಕಾ?" ಸಭೆ ನಕ್ಕಿತು. ನಾನು ವೇದಿಕೆ ಇಳಿದು ಹತ್ತಿರ ಹೋದೆ. ಮೊಬೈಲ್ ಟಾರ್ಚ್ ಹಿಡಿದು ಬಾಯಿ ನೋಡಿದೆ. ಸೆಟ್ಟಿನ ತಂತಿ ನಿಂತದ್ದೇ ಆ ಎರಡು ಹಲ್ಲಿನ ಮೇಲೆ. ತಂತಿಯ ಕೆಳಗೆ ಎರಡೂ ಕಡೆ ಹಳದಿ ಕಲ್ಲು, ಒಸಡು ಕೆಂಪು. ರಾತ್ರಿ ಸೆಟ್ಟು ತೆಗೆದಿಡುತ್ತೀರಾ ಎಂದೆ. ಇಲ್ಲವಂತೆ, ತೆಗೆದರೆ ಮೊಮ್ಮಗ ಹೆದರುತ್ತಾನಂತೆ. ತೆಗೆದು ನೀರಲ್ಲಿಡಿ, ಮೊಮ್ಮಗ ಮಲಗಿದ ಮೇಲೆ ತೆಗೆಯಿರಿ, ಆ ಎರಡು ಹಲ್ಲು ಹೋದರೆ ಈ ಸೆಟ್ಟೂ ನಿಲ್ಲುವುದಿಲ್ಲ, ಸೋಮವಾರ ಬನ್ನಿ ಎಂದೆ.

"ಸೋಮವಾರ ಒಪ್ಪತ್ತು. ಮಂಗಳವಾರ ಬರ್ತೆ" ಅಂದರು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಬಜ್ಜಿಯ ಕಡೆ ಹೊರಟರು.